ಕಪ್ಪು ಮೂರರ ಲೆಕ್ಕ

ನಾನು ಬರೆದದ್ದರಲ್ಲಿ ಬಹುಪಾಲು ಯಂತ್ರಗಳ ಕುರಿತು. ಸಂಗೀತದ ಕುರಿತು ಬರೆದದ್ದು ಕಡಿಮೆ. ಅದರಲ್ಲಿ ಜನರ ಬಾಯಲ್ಲಿ ಉಳಿದದ್ದು ಒಂದೇ ವಾಕ್ಯ: ‘ತುಕ್ರಪ್ಪ ಭಾಗವತರ ಸ್ವರ ಕಪ್ಪು ಮೂರರಿಂದ ಕೆಳಗೆ ಇಳಿಯುವುದಿಲ್ಲ.’

ಹಗಲು ಶಿರ್ತಾಡಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಉಳಿದ ವೇಳೆಯಲ್ಲಿ ಒಂದು ವಾರಪತ್ರಿಕೆಗೆ ಧ್ವನಿಯಂತ್ರಗಳ ಅಂಕಣ ಬರೆಯುತ್ತಿದ್ದೆ. ಯಾವ ಟೇಪ್ ರೆಕಾರ್ಡರಿನ ಮೋಟಾರು ಸಮವೇಗದಲ್ಲಿ ತಿರುಗುತ್ತದೆ, ಯಾವ ಆಂಪ್ಲಿಫಯರು ಹೇಳಿಕೊಂಡಷ್ಟು ವಾಟ್ ಕೊಡುವುದಿಲ್ಲ, ಯಾವ ಸ್ಪೀಕರಿನಲ್ಲಿ ಮದ್ದಳೆಯ ಪೆಟ್ಟು ತಗಡಿನ ಪೆಟ್ಟಾಗುತ್ತದೆ ಎಂಬುವು ನನ್ನ ವಿಷಯಗಳು. ಅಳೆಯದೆ ಒಂದು ಸಾಲನ್ನೂ ಬರೆಯಲಿಲ್ಲ. ಬಂಟ್ವಾಳದಿಂದ ಚಾರ್ಮಾಡಿಯವರೆಗೆ ಜನರು ಅಂಕಣ ಓದಿ ಯಂತ್ರ ಕೊಳ್ಳುತ್ತಿದ್ದರು. ಅಂಗಡಿಯವರು ನನ್ನನ್ನು ಕಂಡ ಕೂಡಲೇ ಕೆಲವು ಮಾದರಿಗಳನ್ನು ಒಳಗೆ ಸರಿಸುತ್ತಿದ್ದರು. ಅದನ್ನು ಗೌರವವೆಂದು ತಿಳಿದಿದ್ದೆ. ‘ನಿಮಗೆ ಸದ್ದು ಕೇಳ್ಲಿಕ್ಕೆ ಬರ್ತದೆ, ಹಾಡು ಕೇಳ್ಲಿಕ್ಕೆ ಬರುವುದಿಲ್ಲ’ ಎಂದು ನನ್ನ ಹೆಂಡತಿ ಪದ್ಮಲತಾ ಆಗಾಗ ಹೇಳುತ್ತಿದ್ದಳು. ಅದಕ್ಕೆ ಉತ್ತರ ಕೊಡುವ ಅಗತ್ಯ ನನಗೆ ಕಾಣುತ್ತಿರಲಿಲ್ಲ.

ಈಗ ಆ ಪತ್ರಿಕೆಯೂ ಇಲ್ಲ, ಕ್ಯಾಸೆಟ್ಟುಗಳೂ ಇಲ್ಲ. ಮೂಡುಬಿದಿರೆಯ ನಮ್ಮ ಮನೆಯ ಒಂದು ಕೋಣೆಯಲ್ಲಿ ಹಳೆಯ ಯಂತ್ರಗಳು ಬಟ್ಟೆ ಹೊದ್ದು ಕುಳಿತಿವೆ. ಒಂದು ಕ್ಯಾಸೆಟ್ ಡೆಕ್ ಮಾತ್ರ ಇಂದಿಗೂ ಸರಿಯಾಗಿ ಓಡುತ್ತದೆ, ಓಡುವಂತೆ ಇಟ್ಟುಕೊಂಡಿದ್ದೇನೆ.

ಕಳೆದ ಬುಧವಾರ ಬೆಳಿಗ್ಗೆ ತುಕ್ರಪ್ಪ ಭಾಗವತರ ಮೊಮ್ಮಗಳು ದೀಕ್ಷಿತಾ ಬಂದಳು. ಅಜ್ಜ ತೀರಿಕೊಂಡ ಮೇಲೆ ಆ ಮನೆಯಲ್ಲಿ, ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಗೆ ಭಾಗವತಿಕೆ ಮಾಡುವವಳು, ಎಂದರೆ ಪದ್ಯ ಹಾಡುವವಳು, ಅವಳೊಬ್ಬಳೇ. ಮಾತು ಆರಂಭಿಸಿದ ಕೂಡಲೇ ಸ್ವರ ಒಡೆದದ್ದು ನನಗೆ ತಿಳಿಯಿತು. ತರಗತಿಯಲ್ಲಿ ದಿನವೆಲ್ಲ ಕಿರಿಚಿದ ಶಿಕ್ಷಕಿಯ ಸ್ವರದಂತಿತ್ತು.

“ಸರ್, ಶಿರ್ತಾಡಿ ಶಾಲೆಯ ತಾಳಮದ್ದಳೆಯದ್ದು ಮೂಲ ಕ್ಯಾಸೆಟ್ ನಿಮ್ಮ ಹತ್ತಿರ ಉಂಟಂತೆ ಅಲ್ವಾ? ನಮ್ಮಲ್ಲಿ ಇರುವುದು ಕಾಪಿಯ ಕಾಪಿ. ಅಜ್ಜ ಮೇಲಿನ ಸ್ವರಕ್ಕೆ ಹೋಗುವಾಗ ಉಸಿರು ಎಲ್ಲಿ ತೆಗೀತಾರೆ ಅಂತ ಗೊತ್ತೇ ಆಗುದಿಲ್ಲ.”

“ಗಂಟಲಿಗೇನಾಯಿತು?”

“ಗಂಟು ಆಗಿದೆ ಅಂತ ಡಾಕ್ಟರು ಹೇಳಿದ್ರು. ಒಂದು ಮನೆ ತಗ್ಗಿಸಿ ಹಾಡು, ಇಲ್ಲದಿದ್ರೆ ಈ ಸ್ವರ ಹೋಗ್ತದೆ ಅಂತ.”

“ತಗ್ಗಿಸು.”

“ಹೇಗೆ ತಗ್ಗಿಸುದು ಸರ್? ಆದಿತ್ಯವಾರ ಬಂಟ್ವಾಳದಲ್ಲಿ ಅಜ್ಜನ ಸಂಸ್ಮರಣೆ. ಬ್ಯಾನರಲ್ಲೇ ‘ಕಪ್ಪು ಮೂರರ ಭಾಗವತ’ ಅಂತ ಉಂಟು. ಮೊಮ್ಮಗಳು ಕೂತು ಬಿಳಿ ನಾಲ್ಕಕ್ಕೆ ಶ್ರುತಿ ಹಿಡಿದ್ರೆ ಎದುರು ಕೂತವರು ಎಂಥ ಹೇಳ್ಲಿಕ್ಕಿಲ್ಲ! ಹೆಣ್ಣುಮಕ್ಕಳಿಗೆ ಭಾಗವತಿಕೆ ಯಾಕೆ ಅಂತ ಕೇಳುವವರು ಈಗಲೇ ಇದ್ದಾರೆ. ಆದಿತ್ಯವಾರ ಒಂದು ಕಳೀಲಿ. ಮತ್ತೆ ನೋಡುವ.”

ಹಾರ್ಮೋನಿಯಂನ ಮನೆಗಳನ್ನು ಬಲ್ಲವರಿಗೆ ಇದು ಗೊತ್ತು: ಮೂರನೆಯ ಕಪ್ಪು ಮನೆಯ ಎಡಕ್ಕೆ ತಾಗಿಕೊಂಡೇ ನಾಲ್ಕನೆಯ ಬಿಳಿ ಮನೆ ಇದೆ. ಶ್ರುತಿಯಲ್ಲಿ ಅದು ಒಂದೇ ಮೆಟ್ಟಿಲು ಕೆಳಗೆ. ನೋಡುವವರಿಗೆ ಬೆರಳಿನ ಅಗಲ. ಗಂಟಲಿನ ತುತ್ತತುದಿಯಲ್ಲಿ ಹಾಡುವವರಿಗೆ ಅಷ್ಟು ಸಣ್ಣದಲ್ಲ.

ಮೂಲ ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿದೆ. ಅದು ನಾನೇ ಮುದ್ರಿಸಿಕೊಂಡದ್ದು; ಕಪ್ಪು ಮೂರರ ವಾಕ್ಯ ಬರೆದದ್ದೂ ಅದನ್ನು ಅಳೆದೇ. ಮೊದಲು ಜನರ ಗಲಾಟೆ, ಸಭೆಯನ್ನು ಸುಮ್ಮನಾಗಿಸಲು ಯಾರೋ ಶಾಲೆಯ ಗಂಟೆ ಹೊಡೆದ ಸದ್ದು, ಆಮೇಲೆ ತುಕ್ರಪ್ಪ. ದೀಕ್ಷಿತಾ ತನ್ನ ಮೊಬೈಲನ್ನು ಸ್ಪೀಕರಿನ ಮುಂದೆ ಇಟ್ಟಳು. ಅದರಲ್ಲಿ ಶ್ರುತಿ ತೋರಿಸುವ ಒಂದು ಆ್ಯಪ್ ಇತ್ತು.

“ನೋಡಿ ಸರ್. ಕಪ್ಪು ಮೂರು. ಒಂದು ಕೂದಲಷ್ಟೂ ಆಚೀಚೆ ಇಲ್ಲ.”

ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಎಂದಿನಂತೆ ಹಾಡಿನ ಹಿಂದಿನ ಕಸವನ್ನು ಕೇಳುತ್ತಿದ್ದೆ. ಪದ್ಯ ಮುಗಿದು ಅರ್ಥಧಾರಿ ಮಾತಿಗೆ ಆರಂಭಿಸುವ ಮುನ್ನ ಒಂದು ಕ್ಷಣ ಮೌನ. ಆ ಮೌನದಲ್ಲಿ ಕರೆಂಟಿನ ಗುಂಯ್ಗುಡುವಿಕೆ ಇತ್ತು. ಮೈಕ್ ಸೆಟ್ಟಿನ ಆಂಪ್ಲಿಫಯರಿನಿಂದ ಬಂದ ಸದ್ದು. ಆ ಕಾಲದಲ್ಲಿ ಈ ಸದ್ದಿನ ವಿರುದ್ಧ ನಾನು ಎಷ್ಟೋ ಅಂಕಣಗಳನ್ನು ಬರೆದಿದ್ದೆ. ಆದರೆ ಅಂದು ಬೆಳಿಗ್ಗೆ ಅದು ನನ್ನ ಕಿವಿಗೆ ಸರಿಯೆನಿಸಲಿಲ್ಲ. ಟೇಪನ್ನು ಅದೇ ಜಾಗಕ್ಕೆ ಹಿಂದೆ ತಿರುಗಿಸಿ ಮೊಬೈಲ್ ನೋಡಿದೆ. ನಮ್ಮ ದೇಶದ ಕರೆಂಟಿನ ಈ ಸದ್ದು ಸೆಕೆಂಡಿಗೆ ನೂರು ಕಂಪನ. ಮೊಬೈಲು ತೋರಿಸಿದ್ದು ನೂರ ಆರು.

ಮೊದಲ ಸಂಶಯ ಡೆಕ್ಕಿನ ಮೇಲೆ. ಸಾವಿರ ಕಂಪನಗಳ ಒಂದೇ ಸ್ವರವಿರುವ ಅಳತೆಯ ಕ್ಯಾಸೆಟ್ ಹಾಕಿ ನೋಡಿದೆ. ಸಾವಿರವನ್ನು ಸಾವಿರವೆಂದೇ ತೋರಿಸಿತು. ಡೆಕ್ ನಿರಪರಾಧಿ.

ನೂರಕ್ಕೆ ಆರು. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗುವಾಗ ಕಂಪನಗಳು ಹೆಚ್ಚುವುದು ಕೂಡ ನೂರಕ್ಕೆ ಆರರಂತೆ. ಈ ಲೆಕ್ಕಕ್ಕೆ ಕಾಗದ ಬೇಕಾಗಲಿಲ್ಲ.

“ಎಂಥಾಯ್ತು ಸರ್?” ಎಂದು ದೀಕ್ಷಿತಾ ಕೇಳಿದಳು.

“ಸ್ವಲ್ಪ ಇರು” ಎಂದು ಮೆಲ್ಕಾರಿನ ಮೊಯಿದಿನಬ್ಬನಿಗೆ ಫೋನು ಮಾಡಿದೆ. ಅಂದಿನ ತಾಳಮದ್ದಳೆಗೆ ಮೈಕ್ ಸೆಟ್ ಕಟ್ಟಿದ್ದು ಅವನು. ಮುಂದೆ ಮೆಲ್ಕಾರಿನಲ್ಲಿ ಕ್ಯಾಸೆಟ್ ಅಂಗಡಿಯಿಟ್ಟು ಅದೇ ಧ್ವನಿಮುದ್ರಣದ ಪ್ರತಿಗಳನ್ನು ಮೂರು ತಾಲೂಕುಗಳಿಗೆ ಹಂಚಿದ್ದೂ ಅವನೇ. ದೀಕ್ಷಿತಾ ಕೂಡ ಕೇಳಲೆಂದು ಸ್ಪೀಕರ್ ಹಾಕಿದೆ.

“ಅಲ್ಲ ಮಾಸ್ಟ್ರೇ, ಇನ್ನೂ ಇದ್ದೀರಾ ನೀವು! ಯಾವ ಆಂಪ್ಲಿಫಯರಿಗೆ ಬೈಲಿಕ್ಕೆ ಫೋನ್ ಮಾಡಿದ್ದು?”

“ಶಿರ್ತಾಡಿ ಶಾಲೆಯ ತಾಳಮದ್ದಳೆ ನೆನಪಿದೆಯೇ? ನನ್ನ ರೆಕಾರ್ಡರಿಗೆ ಕರೆಂಟು ಎಲ್ಲಿಂದ ಕೊಟ್ಟಿದ್ದೆ?”

“ಕೊಟ್ಟದ್ದೇ ಇಲ್ಲ. ನಾನು ವಯರ್ ಹಿಡ್ಕೊಂಡು ಬಂದ್ರೆ, ‘ನಿನ್ನದು ಕೊಳಕು ಕರೆಂಟು, ನನ್ನ ಯಂತ್ರಕ್ಕೆ ಮುಟ್ಟಿಸ್ಬೇಡ’ ಅಂತ ಇಡೀ ಸಭೆಯ ಎದುರು ಹೇಳಿದ್ರಿ. ನೀವು ಸೆಲ್ ಹಾಕಿಯೇ ರೆಕಾರ್ಡ್ ಮಾಡಿದ್ದು. ನನ್ನ ಮರ್ಯಾದೆ ಹೋದದ್ದು ನಿಮಗೆ ಮರೆತು ಹೋಗಿರ್ಬಹುದು, ನನಗೆ ಮರೆಯುದಿಲ್ಲ ಮಾರಾಯ್ರೆ.”

“ಸೆಲ್ ಹೊಸತಿತ್ತೇ?”

“ಅದು ನಿಮ್ಮ ಲೆಕ್ಕ ಮಾಸ್ಟ್ರೇ. ನಾನು ಮೈಕಿನವ.”

ಸೆಲ್ ಹೊಸತಿರಲಿಲ್ಲ. ಹಿಂದಿನ ವಾರವಿಡೀ ಅಂಕಣಕ್ಕಾಗಿ ಅದೇ ರೆಕಾರ್ಡರನ್ನು ಅದೇ ಸೆಲ್ಲುಗಳಲ್ಲಿ ಓಡಿಸಿ ಪರೀಕ್ಷಿಸಿದ್ದೆ. ಯಂತ್ರವನ್ನು ಅಳೆದಿದ್ದೆ, ಟೇಪನ್ನು ಅಳೆದಿದ್ದೆ. ಸೆಲ್ಲನ್ನು ಅಳೆಯುವುದು ಹೊಳೆದಿರಲಿಲ್ಲ.

ದೀಕ್ಷಿತಾಳಿಗೆ ತಿಳಿಸಿ ಹೇಳಿದೆ. ಸೆಲ್ ಸೋತಾಗ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ಬರೆದುಕೊಂಡ ಟೇಪನ್ನು ಸರಿಯಾದ ಯಂತ್ರದಲ್ಲಿ ಓಡಿಸಿದರೆ ಹಾಡು ವೇಗವಾಗುತ್ತದೆ, ಶ್ರುತಿ ಏರುತ್ತದೆ. ಭಾಗವತರ ಸ್ವರದೊಡನೆ ಮದ್ದಳೆ, ಚೆಂಡೆ, ಅರ್ಥಧಾರಿಗಳ ಮಾತು ಎಲ್ಲವೂ ಒಟ್ಟಿಗೆ ಏರಿದ್ದರಿಂದ ಏರಿದ್ದು ಯಾರಿಗೂ ಕಾಣಲಿಲ್ಲ.

ಅವಳು ನಂಬಲಿಲ್ಲ. “ಆ ದಿನ ಕರೆಂಟೇ ಹೆಚ್ಚು ಕಡಿಮೆ ಇದ್ದಿರ್ಬಹುದಲ್ವಾ?”

ಪ್ರಶ್ನೆ ಸರಿಯಾಗಿತ್ತು. ಕರೆಂಟು ಸ್ವಲ್ಪ ಏರಿಳಿಯಬಹುದು. ಏರದ, ಇಳಿಯದ ಒಂದು ಸ್ವರ ಬೇಕಾಗಿತ್ತು. ಅದು ಟೇಪಿನ ಆರಂಭದಲ್ಲೇ ಇತ್ತು.

ಸಂಜೆ ಶಾಲೆ ಬಿಡುವ ಹೊತ್ತಿಗೆ ನಾವಿಬ್ಬರೂ ಬಸ್ಸಿನಲ್ಲಿ ಶಿರ್ತಾಡಿಗೆ ಹೋದೆವು. ಆ ಶಾಲೆಯ ಗಂಟೆ ಎಂದರೆ ಜಗಲಿಯ ಅಡ್ಡತೊಲೆಗೆ ಸರಪಳಿಯಲ್ಲಿ ತೂಗುಹಾಕಿದ ರೈಲುಕಂಬಿಯ ಒಂದು ತುಂಡು. ಈಗ ಎಲೆಕ್ಟ್ರಿಕ್ ಬೆಲ್ ಬಂದಿದೆ. ಕರೆಂಟು ಹೋದಾಗ ಮಾತ್ರ ಕಂಬಿ. ಮುಖ್ಯೋಪಾಧ್ಯಾಯಿನಿ ಶಿಫಾನಾ ನನ್ನ ಹಳೆಯ ವಿದ್ಯಾರ್ಥಿನಿ. ಕಾರಣ ಕೇಳಿ ಸುತ್ತಿಗೆ ತಂದುಕೊಟ್ಟಳು.

“ಮೆಲ್ಲ ಹೊಡೀರಿ ಸರ್. ಜೋರು ಹೊಡೆದ್ರೆ ಹೋದ ಮಕ್ಕಳು ಪುನಃ ಬಂದು ಕೂತಾರು. ನೀವು ಇದ್ದೀರಿ ಅಂತ ಗೊತ್ತಾದ್ರೆ ಒಬ್ಬರೂ ಬರ್ಲಿಕ್ಕಿಲ್ಲ.”

ದೀಕ್ಷಿತಾ ಟೇಪಿನ ಆ ಭಾಗವನ್ನು ಮೊಬೈಲಿನಲ್ಲಿ ಹಿಡಿದು ತಂದಿದ್ದಳು. ಮೊದಲು ಅದನ್ನು ಕೇಳಿಸಿದಳು. ನಾನು ಕಂಬಿಗೆ ಹೊಡೆದೆ. ಅವಳು ಆ್ಯಪ್ ತೆರೆಯಲೇ ಇಲ್ಲ. ಇನ್ನೊಮ್ಮೆ ಹೊಡೆಯಿರೆಂದು ಕೈ ತೋರಿಸಿದಳು. ಹೊಡೆದೆ.

“ಇದು ಕೆಳಗೆ ಉಂಟು ಸರ್” ಎಂದಳು. “ಒಂದು ಮನೆ ಸರೀ ಕೆಳಗೆ.”

ಕಬ್ಬಿಣ ಬದಲಾಗುವುದಿಲ್ಲ. ನನ್ನ ಎಲ್ಲ ಪಾಠಗಳು ಆ ಸದ್ದಿನಿಂದ ಆರಂಭವಾಗಿ ಆ ಸದ್ದಿನಿಂದ ಮುಗಿದಿದ್ದವು. ನಿವೃತ್ತಿಯ ದಿನ ಕೊನೆಯ ಗಂಟೆಯನ್ನು ನಾನೇ ಹೊಡೆದಿದ್ದೆ. ಅದೇ ಸದ್ದು ತಪ್ಪು ಶ್ರುತಿಯಲ್ಲಿ ನನ್ನದೇ ಕ್ಯಾಸೆಟ್ಟಿನ ಆರಂಭದಲ್ಲಿತ್ತು, ಮತ್ತು ನಾನು ಅದನ್ನು ಪ್ರತಿ ಸಲ ಗಲಾಟೆಯೆಂದು ಮುಂದಕ್ಕೆ ಓಡಿಸಿದ್ದೆ.

ದೀಕ್ಷಿತಾಳಿಗೆ ಸಮಾಧಾನವಾಗುತ್ತದೆಂದು ಭಾವಿಸಿದ್ದೆ. ಅವಳ ಮುಖದಲ್ಲಿ ಅದು ಕಾಣಲಿಲ್ಲ.

“ಹಾಗಾದ್ರೆ ಅಜ್ಜ ಆ ದಿನ ಹಾಡಿದ್ದು ಬಿಳಿ ನಾಲ್ಕರಲ್ಲಿ.”

“ಹೌದು.”

“ಆದ್ರೆ ನಾನು ಕೇಳಿದ್ದು ಕಪ್ಪು ಮೂರನ್ನೇ ಸರ್. ಸಣ್ಣದಿರುವಾಗ ಮನೆಯಲ್ಲಿ ಹಾರ್ಮೋನಿಯಂ ಒತ್ತುತ್ತಾ ಇದ್ದದ್ದು ನಾನು. ಆಗ ಅವರ ಸ್ವರ ಮುಕ್ಕಾಲು ಹೋಗಿ ಆಗಿತ್ತು. ಆದ್ರೂ ನನ್ನ ಬೆರಳು ಹಿಡ್ಕೊಂಡು ಕಪ್ಪು ಮೂರರ ಮೇಲೆಯೇ ಇಡ್ತಿದ್ರು.”

ಇಬ್ಬರೂ ಒಂದೇ ಉತ್ತರಕ್ಕೆ ಬಂದೆವೆಂದು ತೋರುತ್ತದೆ. ನನ್ನ ವಾಕ್ಯ ಅಚ್ಚಾದ ಮೇಲೆ ತುಕ್ರಪ್ಪ ತನ್ನ ಬೆರಳನ್ನು ಒಂದು ಮನೆ ಮೇಲಕ್ಕೆ ಸರಿಸಿದ್ದರು. ಕೆಲವೇ ವರ್ಷಗಳಲ್ಲಿ ಅವರ ಸ್ವರ ಒಡೆದು ಮೇಳ ಬಿಡಬೇಕಾಯಿತು. ವಯಸ್ಸಾಯಿತು, ಚಾರ್ಮಾಡಿಯ ಚಳಿ, ವೀಳ್ಯ ಎಂದು ಜನರು ಕಾರಣ ಹೇಳಿದರು. ನಾನೂ ಹಾಗೆಯೇ ಹೇಳಿದ್ದೆ.

ಶುಕ್ರವಾರ ಡೆಕ್ಕನ್ನು ಕಂಬಳಿಯಲ್ಲಿ ಸುತ್ತಿ ತುಕ್ರಪ್ಪನವರ ಊರಾದ ಚಾರ್ಮಾಡಿಯ ಬಸ್ ಹತ್ತಿದೆ. ಅದಕ್ಕೆ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿದ್ದೆ. ಡೆಕ್ಕಿನ ಮೋಟಾರಿನ ಬೆನ್ನಿಗೆ ವೇಗ ತಿದ್ದುವ ಒಂದು ಸಣ್ಣ ತಿರುಪು ಇದೆ. ಅಳತೆಯ ಕ್ಯಾಸೆಟ್ಟಿನ ಸಾವಿರ ಕಂಪನಗಳು ಒಂಬೈನೂರ ನಲವತ್ತಮೂರಕ್ಕೆ ಇಳಿಯುವವರೆಗೆ ಅದನ್ನು ತಿರುಗಿಸಿದೆ. ಜೀವಮಾನವಿಡೀ ಸರಿಯಾಗಿ ಓಡಿಸಿದ ಯಂತ್ರವನ್ನು ತಪ್ಪಾಗಿ ಓಡಿಸಲು ಕೈ ಬರುತ್ತಿರಲಿಲ್ಲ. ಪದ್ಮಲತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ತುಕ್ರಪ್ಪನವರ ಹೆಂಡತಿ ಸೇಸಮ್ಮ ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ದೀಕ್ಷಿತಾ ಎಲ್ಲವನ್ನೂ ಮೊದಲೇ ಹೇಳಿದ್ದಳು. ನಾನು ಮತ್ತೊಮ್ಮೆ ಹೇಳಲು ಹೊರಟಾಗ ಸೇಸಮ್ಮ ತಡೆದರು.

“ಲೆಕ್ಕ ನನಗೆ ಗೊತ್ತಾಗುದಿಲ್ಲ ಮಾಸ್ಟ್ರೆ. ಅಷ್ಟು ದೂರದಿಂದ ಹೊತ್ತು ತಂದಿದ್ದೀರಿ. ಹಾಕಿ, ಕೇಳುವ.”

ಹಾಕಿದೆ. ಕಂಬಿಯ ಗಂಟೆ ಶಿರ್ತಾಡಿಯಲ್ಲಿ ಕೇಳಿದಂತೆಯೇ ಕೇಳಿಸಿತು. ಆಮೇಲೆ ತುಕ್ರಪ್ಪ. ಈ ಸ್ವರವನ್ನು ನಾನು ಮೊದಲ ಬಾರಿಗೆ ಕೇಳುತ್ತಿದ್ದೆ. ಕ್ಯಾಸೆಟ್ಟಿನಲ್ಲಿ ನಾವೆಲ್ಲ ಕೇಳಿ ಮೆಚ್ಚಿದ್ದ ಹರಿತ ಇದರಲ್ಲಿರಲಿಲ್ಲ. ಇದು ಮಧ್ಯವಯಸ್ಸಿನ, ತೂಕವಿದ್ದ, ಅವಸರವಿಲ್ಲದ ಸ್ವರ. ಮೇಲಕ್ಕೆ ಹೋಗುವಾಗ ಉಸಿರಿಗೆ ಸಾಕಷ್ಟು ಜಾಗವಿತ್ತು. ಮುದ್ರಿಸಿಕೊಂಡ ಆ ಸಂಜೆ ನಾನು ಅವರ ಎದುರಿನಲ್ಲೇ ಕುಳಿತಿದ್ದೆ. ಹಾರ್ಮೋನಿಯಂನಲ್ಲಿ ಬೆರಳು ಯಾವ ಮನೆಯ ಮೇಲಿದೆಯೆಂದು ನೋಡಿದ್ದರೆ ಸಾಕಾಗುತ್ತಿತ್ತು. ನೋಡಲಿಲ್ಲ. ರೆಕಾರ್ಡರಿನ ಮೀಟರಿನ ಮುಳ್ಳನ್ನು ನೋಡುತ್ತಿದ್ದೆ.

ಸೇಸಮ್ಮನ ಕೈಯ ಕತ್ತಿ ನಿಂತಿತ್ತು.

“ಇದು ಅವರು” ಎಂದರು.

“ಇಷ್ಟು ವರ್ಷ ಕೇಳಿದ್ದು?” ಎಂದು ದೀಕ್ಷಿತಾ ಕೇಳಿದಳು.

“ಅದು ಮಾಸ್ಟ್ರ ಕ್ಯಾಸೆಟ್.”

ಆಮೇಲೆ ಸೇಸಮ್ಮ ನನ್ನ ಕಡೆ ನೋಡದೆ ಹೇಳಿದರು: “ಮೊದಲ ಸಲ ಕ್ಯಾಸೆಟ್ ಕೇಳಿದಾಗ ಅವರಿಗೆ ನಗು ಬಂತು. ‘ಇದು ನಾನೇ, ಆದ್ರೆ ಮದುವೆಯ ಮೊದಲಿನ ನಾನು’ ಅಂದ್ರು. ಮತ್ತೆ ಪೇಪರಲ್ಲಿ ನೀವು ಬರೆದದ್ದು ಬಂತು. ಆಗ ನಗು ನಿಂತಿತು. ‘ನಾನು ಹಿಡಿದದ್ದು ಬಿಳಿ ನಾಲ್ಕಲ್ವಾ?’ ಅಂತ ನನ್ನ ಹತ್ತಿರ ಕೇಳಿದ್ರು. ನನಗೆಂಥ ಗೊತ್ತು? ಮಾಸ್ಟ್ರ ಹತ್ತಿರ ಹೋಗಿ ಕೇಳಿ ಅಂದೆ.”

“ಬರಲಿಲ್ಲವಲ್ಲ” ಎಂದೆ. ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿಸಿತು.

“ಹೇಗೆ ಬರುದು? ‘ಅವರು ಲೆಕ್ಕದವರು, ಅಳೆದು ಬರೆಯುವವರು. ಪೆಟ್ಟಿಗೆಯ ಶ್ರುತಿಯೇ ಏರಿರ್ಬೇಕು’ ಅಂದ್ರು. ಹಾರ್ಮೋನಿಯಂ ರಿಪೇರಿಗೆ ತಕ್ಕೊಂಡು ಹೋದ್ರು. ರಿಪೇರಿಯವ ನೋಡಿ ಸರಿಯೇ ಉಂಟು ಅಂದ. ಮರುದಿನದಿಂದ ಇವರ ಬೆರಳು ಮೇಲಿನ ಮನೆಗೆ.”

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕುಳಿತು ಕೇಳಲು ನನಗೆ ಸುಲಭವಾಗುತ್ತಿತ್ತು. ನನ್ನನ್ನು ಅನುಮಾನಿಸುವ ಬದಲು ಆ ಮನುಷ್ಯ ತನ್ನ ಪೆಟ್ಟಿಗೆಯನ್ನು ಅನುಮಾನಿಸಿದರು. ಪೆಟ್ಟಿಗೆ ಸರಿಯಿದೆಯೆಂದು ತಿಳಿದ ಮೇಲೆ ತನ್ನ ಗಂಟಲನ್ನು. ಅಚ್ಚಿನಲ್ಲಿ ಬಂದದ್ದನ್ನು ಜನರು ಹೀಗೆ ನಂಬಲೆಂದೇ ನಾನು ಅಳೆದು ಬರೆಯುತ್ತಿದ್ದೆ.

ಸೇಸಮ್ಮ ಮೊಮ್ಮಗಳ ಕಡೆ ತಿರುಗಿದರು. “ಒಬ್ಬರ ಸ್ವರ ಹೋದದ್ದು ಸಾಕು ಮಗಾ. ನೀನು ಎಂಥ ಮಾಡ್ತಿ?”

“ಗೊತ್ತಿಲ್ಲ ಅಜ್ಜಿ. ನಾನು ತಗ್ಗಿಸಿದ್ರೆ ನನ್ನಿಂದ ಆಗುದಿಲ್ಲ ಅಂತಲೇ ಹೇಳ್ತಾರೆ. ಕಾರಣ ಯಾರಿಗೆ ಗೊತ್ತುಂಟು?”

“ಕಾರಣವನ್ನು ನಾನು ಹೇಳುತ್ತೇನೆ” ಎಂದೆ.

ಆದಿತ್ಯವಾರ ಮಧ್ಯಾಹ್ನ ಬಂಟ್ವಾಳದ ಸಭಾಭವನದಲ್ಲಿ ಬ್ಯಾನರ್ ಕಟ್ಟಿ ಆಗಿತ್ತು. ‘ಕಪ್ಪು ಮೂರರ ಭಾಗವತ’ ಎಂಬುದು ಹೊನ್ನಿನ ಬಣ್ಣದಲ್ಲಿ ವೇದಿಕೆಯ ಅಗಲಕ್ಕೂ ಇತ್ತು. ಸಂಸ್ಮರಣ ಸಮಿತಿಯ ಕಾರ್ಯದರ್ಶಿ ಜಯಪ್ರಕಾಶನನ್ನು ಬದಿಗೆ ಕರೆದು ವಿಷಯ ಹೇಳಿದೆ. ಅವನು ಒಮ್ಮೆ ನನ್ನನ್ನು, ಒಮ್ಮೆ ಬ್ಯಾನರನ್ನು ನೋಡಿದ.

“ಇದನ್ನು ಈಗ ಯಾಕೆ ಎತ್ತುದು ಸರ್? ಹಾಡಿದವರು ಇಲ್ಲ. ಕೇಳಿದವರಲ್ಲಿಯೂ ಅರ್ಧ ಜನ ಇಲ್ಲ. ಯಾರಿಗೆ ನಷ್ಟ?”

“ಹಾಡುವವಳು ಇದ್ದಾಳೆ.”

“ನಾಳೆ ಎಲ್ಲಿಯಾದ್ರೂ ಪೇಪರಲ್ಲಿ ಬರೀರಿ ಬೇಕಾದ್ರೆ.”

“ನನ್ನ ಪತ್ರಿಕೆ ನಿಂತುಹೋಗಿದೆ, ಜಯಪ್ರಕಾಶ್. ತಿದ್ದುಪಡಿ ಹಾಕಲು ನನಗೆ ಇರುವುದು ಈ ಮೈಕ್ ಒಂದೇ.”

ನನ್ನ ಸರದಿ ಬಂದಾಗ ಮೂರು ಸಂಗತಿಗಳನ್ನು ಹೇಳಿದೆ. ಆ ಧ್ವನಿಮುದ್ರಣ ಸೋತ ಸೆಲ್ಲುಗಳಲ್ಲಿ ನಡೆಯಿತು, ಸೆಲ್ ನನ್ನದು. ಭಾಗವತರು ಹಾಡಿದ್ದು ಬಿಳಿ ನಾಲ್ಕರಲ್ಲಿ. ಒಂದು ಮನೆ ಏರಿಸಿದ್ದು ನನ್ನ ಯಂತ್ರ, ಅದನ್ನು ಅಚ್ಚು ಹಾಕಿಸಿದ್ದು ನನ್ನ ಅಂಕಣ; ಆ ಅಂಕಣವನ್ನು ನಂಬಿ ಅವರು ತಮ್ಮ ಸ್ವರವನ್ನು ಕಳೆದುಕೊಂಡರು. ನಾಲ್ಕನೆಯದಾಗಿ ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಯಾರ ಹತ್ತಿರ ಕೇಳಬೇಕಾಗಿತ್ತೋ ಅವರು ಚಿತ್ರವಾಗಿ ಗೋಡೆಯ ಮೇಲಿದ್ದರು. ಕೇಳದೆ ಇಳಿದೆ.

ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನಿಂದ ಮೊಯಿದಿನಬ್ಬನ ಸ್ವರ ಕೇಳಿಸಿತು: “ನನ್ನ ಕೊಳಕು ಕರೆಂಟನ್ನೇ ತಕ್ಕೊಂಡಿದ್ರೆ ಇದೆಲ್ಲ ಇತ್ತಾ ಮಾಸ್ಟ್ರೇ?” ಕೆಲವರು ನಕ್ಕರು. ನನಗೆ ನಗಲಾಗಲಿಲ್ಲ, ಅವನು ಹೇಳಿದ್ದು ಸರಿಯಾಗಿತ್ತು.

ದೀಕ್ಷಿತಾ ವೇದಿಕೆಗೆ ಬಂದು ಹಾರ್ಮೋನಿಯಂನ ಪಕ್ಕ ಕುಳಿತಳು. ಈ ಸಲ ನಾನು ಬೆರಳನ್ನು ನೋಡಿದೆ. ಅದು ಅಭ್ಯಾಸದಿಂದ ಕಪ್ಪು ಮೂರಕ್ಕೆ ಹೋಯಿತು. ಅವಳು ಬ್ಯಾನರಿನ ಕಡೆ ಕತ್ತೆತ್ತಿದಳು, ಮುಂದಿನ ಸಾಲಿನಲ್ಲಿದ್ದ ಅಜ್ಜಿಯ ಕಡೆ ನೋಡಿದಳು. ಬೆರಳು ಎಡಕ್ಕೆ ಸರಿಯಿತು. ಮದ್ದಳೆಯವರು ಸುತ್ತಿಗೆ ತೆಗೆದು, ಬಿಗಿದು ತಂದಿದ್ದ ಮದ್ದಳೆಯ ಶ್ರುತಿಯನ್ನು ಇಳಿಸಲು ಹೊರಟರು. ಅವರಿಗೆ ಕೋಪ ಬಂದಿದ್ದದ್ದು ಪೆಟ್ಟಿನಲ್ಲಿಯೇ ಕೇಳುತ್ತಿತ್ತು. ಸಭೆ ಕಾಯುತ್ತಿತ್ತು.

ಅವಳು ಹಾಡಿದಳು. ಸ್ವರದಲ್ಲಿ ಒಡಕು ಇನ್ನೂ ಇತ್ತು. ಅದು ಒಂದು ದಿನದಲ್ಲಿ ಹೋಗುವುದಲ್ಲ. ಆದರೆ ಮೇಲಕ್ಕೆ ಹೋಗುವಾಗ ಕತ್ತಿನ ನರ ಉಬ್ಬಲಿಲ್ಲ. ಚಾರ್ಮಾಡಿಯ ಜಗಲಿಯಲ್ಲಿ ಕೇಳಿದ ಅದೇ ಜಾಗದಲ್ಲಿ ಉಸಿರು ತೆಗೆದುಕೊಂಡಳು.

ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ತಡವಾಗಿ ಬಂದವರು. ನನ್ನ ಮಾತನ್ನು ಅವರು ಕೇಳಿರಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, “ಇವತ್ತು ಸ್ವರ ಸ್ವಲ್ಪ ತಗ್ಗು ಅಲ್ವಾ ಮಾಸ್ಟ್ರೇ?” ಎಂದರು.

“ಹೌದು” ಎಂದೆ. “ಅವಳ ಅಜ್ಜನಷ್ಟೇ.”